ಹರಿಗೋಲು ರಿಪೇರಿ ನಮಗೇ ಕಲಿಸಿ

ಮಾನ್ಯರೇ,

ನಮ್ಮೂರು ಗಳಗನಾಥ, ವರದಾ ನದಿ ತುಂಗಭದ್ರೆಗೆ ಸೇರುವ ಜಾಗ. ಮೀನು ಹಿಡಿಯಲು ನಮಗೆ ಫೈಬರ್ ಹರಿಗೋಲೇ ಆಧಾರ. ಹೋದ ಮಳೆಗಾಲದಲ್ಲಿ ಅದರ ತಳ ಬಿರುಕು ಬಿಟ್ಟಿತು. ಪೇಟೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ತೇಪೆ ಹದಿನೈದೇ ದಿನಕ್ಕೆ ಎದ್ದು ಬಂತು, ನಡುಹೊಳೆಯಲ್ಲಿ ನೀರು ಒಳಗೆ ನುಗ್ಗಿದಾಗ ಮಗನೂ ಜೊತೆಗಿದ್ದ, ಆ ಹೆದರಿಕೆ ಇನ್ನೂ ಹೋಗಿಲ್ಲ.

ಆಮೇಲೆ ನಾವೇ ಕೈ ಹಾಕಿದೆವು. ಬಿರುಕಿನ ಸುತ್ತ ನಾಲ್ಕು ಬೆರಳಗಲ ಉಪ್ಪುಕಾಗದದಿಂದ ಉಜ್ಜಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಇಟ್ಟು ಪಾಲಿಯೆಸ್ಟರ್ ರೆಸಿನ್ ಅನ್ನೋ ಅಂಟುದ್ರವ ಹಚ್ಚಿದೆವು. ಒದ್ದೆ ಇದ್ದರೆ ತೇಪೆ ಹಿಡಿಯುವುದೇ ಇಲ್ಲ. 100 ಗ್ರಾಂ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 1ರಿಂದ 2 ಗ್ರಾಂ ಸಾಕು, ಜಾಸ್ತಿ ಹಾಕಿದರೆ ಕಾದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಕನ್ನಡಕ, ಗ್ಲೌಸ್ ಬೇಕೇ ಬೇಕು.

ಬಿದಿರಿನ ಹರಿಗೋಲಿಗೆ ಡಾಂಬರು ಬಳಿಯುವುದನ್ನು ನಮಗೆ ಹಿರಿಯರು ಕಲಿಸಿದರು. ಫೈಬರ್ ಕೆಲಸವನ್ನೂ ಯಾರಾದರೂ ಕಲಿಸಬೇಕು ಅಲ್ವಾ? ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೀನುಗಾರಿಕೆ ಇಲಾಖೆಯವರು ಹೊಳೆದಂಡೆಯ ಊರುಗಳಿಗೇ ಬಂದು ಒಂದು ದಿನದ ತರಬೇತಿ ಕೊಡಲಿ, ಜೊತೆಗೆ ಲೈಫ್ ಜಾಕೆಟ್ ಕೂಡ.

- ಒಬ್ಬ ಮೀನುಗಾರ, ಗಳಗನಾಥ, ಹಾವೇರಿ ಜಿಲ್ಲೆ