ಠಾಣೆಯ ಗಡಿ ಜನರಿಗೂ ತಿಳಿಯಲಿ

ಮಾನ್ಯರೇ,

1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ದಾವಣಗೆರೆ, ಪೊಲೀಸ್ ಪೂರ್ವ ವಲಯದ ಐಜಿಪಿ ಕಚೇರಿ ಇರುವ ಊರೂ ಹೌದು. ಹುಬ್ಬಳ್ಳಿ–ಧಾರವಾಡ, ಮೈಸೂರಿನಂತೆ ಇಲ್ಲಿ ನಗರಕ್ಕೇ ಪ್ರತ್ಯೇಕವಾದ ಪೊಲೀಸ್ ಕಮಿಷನರೇಟ್ ಇಲ್ಲ. ನಗರದ ಠಾಣೆಗಳೂ ಜಿಲ್ಲಾ ಎಸ್‌ಪಿ ಅವರ ಅಧೀನದಲ್ಲೇ ಇವೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಠಾಣೆಗಳ ಗಡಿಯ ಬಗ್ಗೆ.

ಕಳೆದ ತಿಂಗಳು ಮಾರುಕಟ್ಟೆಯಲ್ಲಿ ನನ್ನ ಮೊಬೈಲ್ ಕಳುವಾಯಿತು. ಒಂದು ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದರು. ಎರಡನೆಯ ಠಾಣೆಯವರು ಮೊದಲನೆಯದರತ್ತ ಕೈ ತೋರಿಸಿದರು. ನಡುವೆ ಇದ್ದದ್ದು ಒಂದು ರಸ್ತೆ, ಅಷ್ಟೇ! ಕೊನೆಗೆ ದೂರು ಬರೆದುಕೊಂಡ ಪೇದೆ ಸೌಜನ್ಯದಿಂದಲೇ ನಡೆದುಕೊಂಡು, ಕಳುವಾದ ಮೊಬೈಲ್‌ಗಳಿಗಾಗಿ ಇರುವ ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಮೊಬೈಲನ್ನು ಬ್ಲಾಕ್ ಮಾಡುವುದನ್ನೂ ಹೇಳಿಕೊಟ್ಟರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ (ಸಂಜ್ಞೇಯ) ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ನೀಡಬಹುದು. ಈ ಒಂದು ಸಾಲನ್ನು ಪ್ರತಿ ಠಾಣೆಯ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆಸಬೇಕು. ಅದರ ಪಕ್ಕದಲ್ಲೇ ವ್ಯಾಪ್ತಿಯ ನಕ್ಷೆ ಮತ್ತು ತುರ್ತು ಸಂಖ್ಯೆ 112 ಇರಲಿ. ಇದಕ್ಕೆ ಬೇಕಿರುವುದು ಒಂದು ಡಬ್ಬ ಬಣ್ಣ ಮಾತ್ರ.

– ಒಬ್ಬ ಓದುಗ, ದಾವಣಗೆರೆ