ಸೋಲಾರ್ ಪ್ಯಾನೆಲ್ ತೊಳೆಯಲು ದಾರಿ ಬಿಟ್ಟು ಕೂರಿಸಿ

ಮಾನ್ಯ ಸಂಪಾದಕರೇ,

2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಆರಂಭವಾದ ಮೇಲೆ ಸಣ್ಣ ಊರುಗಳ ತಾರಸಿಗಳಲ್ಲೂ ಪ್ಯಾನೆಲ್‌ಗಳು ಕಾಣತೊಡಗಿವೆ. 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಇವುಗಳ ದೂಳು ತೆಗೆಯುವವರು ಯಾರು, ಹತ್ತುವುದು ಎಲ್ಲಿಂದ ಎಂದು ಮನೆಯವರೂ ಕೇಳುತ್ತಿಲ್ಲ, ಕೂರಿಸುವವರೂ ಹೇಳುತ್ತಿಲ್ಲ. ‘ಮಳೆ ಬಂದರೆ ತಾನಾಗೇ ತೊಳೆದುಹೋಗುತ್ತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಜೋರು ಮಳೆ ತೊಳೆಯುತ್ತದೆ, ನಿಜ. ಆದರೆ ಬಯಲುಸೀಮೆಯಲ್ಲಿ ಬಿಸಿಲು ಚೆನ್ನಾಗಿರುವ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲೇ ಅಂಥ ಮಳೆ ಅಪರೂಪ. ಒಕ್ಕಣೆಯ ಹೊಟ್ಟು, ಮಣ್ಣುರಸ್ತೆಯ ದೂಳು, ಜಲ್ಲಿ ಕ್ರಷರ್‌ನ ಪುಡಿ ರಾತ್ರಿಯ ಇಬ್ಬನಿಗೆ ನೆನೆದು, ಬೆಳಗಿನ ಬಿಸಿಲಿಗೆ ಒಣಗಿ ಗಾಜಿಗೆ ಕಚ್ಚಿಕೊಳ್ಳುತ್ತವೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಸಿಮೆಂಟಿನ ಪದರ ಇನ್ನೂ ಗಟ್ಟಿ. ನಾಲ್ಕು ಹನಿ ತುಂತುರು ಬಿದ್ದರಂತೂ ಎಲ್ಲವೂ ಕೆಸರಾಗಿ ಪ್ಯಾನೆಲ್‌ನ ಕೆಳ ಅಂಚಿಗೆ ಇಳಿಯುತ್ತದೆ.

ಆ ಅಂಚನ್ನು ಹತ್ತಿರದಿಂದ ನೋಡಬೇಕು. ಅಲ್ಯುಮಿನಿಯಂ ಚೌಕಟ್ಟಿನ ತುಟಿ ಗಾಜಿಗಿಂತ ಒಂದೆರಡು ಮಿಲಿಮೀಟರ್ ಎತ್ತರ. ಇಳಿಜಾರು 10 ಡಿಗ್ರಿಗಿಂತ ಕಡಿಮೆಯಿದ್ದರೆ ನೀರು ಅದನ್ನು ಸರಿಯಾಗಿ ದಾಟದೆ ನಿಂತು, ಆರಿ, ಒಂದೂವರೆ ಇಂಚಿನ ಕಂದು ಪಟ್ಟಿ ಬಿಡುತ್ತದೆ. ಉಳಿದ ಗಾಜು ಹೊಳೆಯುತ್ತಿರುವುದರಿಂದ ನೋಡಿದವರಿಗೆ ಎಲ್ಲ ಸರಿಯಿದೆ ಅನಿಸುತ್ತದೆ. ಗಾಜಿನಡಿ ವಿದ್ಯುತ್ ಉತ್ಪಾದಿಸುವ ಸಣ್ಣ ಚೌಕಗಳಾದ ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಒಂದರಲ್ಲಿ ಕರೆಂಟ್ ಇಳಿದರೆ ಆ ಸರಪಳಿಯಲ್ಲೆಲ್ಲ ಇಳಿಯುತ್ತದೆ. ಉದ್ದುದ್ದ ನಿಲ್ಲಿಸಿದ ಹಳೆಯ ಮಾದರಿಯ ಪ್ಯಾನೆಲ್‌ನಲ್ಲಿ ಇಂಥ ಮೂರು ಸರಪಳಿಗಳಿದ್ದು, ಮೂರೂ ಕೆಳಸಾಲನ್ನು ಹಾದುಹೋಗುವುದರಿಂದ ಆ ಪಟ್ಟಿ ಇಡೀ ಪ್ಯಾನೆಲನ್ನೇ ಕುಗ್ಗಿಸುತ್ತದೆ. ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು, ಕೆಳಗೊಂದು ಭಾಗವಾಗಿ ಜೋಡಿಸಿದ ಈಗಿನ ಅರ್ಧ ಸೆಲ್ ಪ್ಯಾನೆಲ್‌ನಲ್ಲಿ ಕೆಳಗಿನ ಅರ್ಧ ಸೊರಗುತ್ತದೆ. ಕೆಳ ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ನೀರನ್ನು ಹೊರಕ್ಕೆ ಎಳೆದು ಹರಿಸುತ್ತವೆ. ಇಳಿಜಾರು ಕಡಿಮೆಯಿರುವಲ್ಲಿ ಇವನ್ನು ಹಾಕಿಸಲೇಬೇಕು. ಕಾಗೆ, ಪಾರಿವಾಳದ ಹಿಕ್ಕೆಯಿಂದ ಮುಚ್ಚಿದ ಸೆಲ್ ವಿದ್ಯುತ್ ಕೊಡುವ ಬದಲು ತಾನೇ ಬಿಸಿಯಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅಲ್ಲೇ ಸುಟ್ಟ ಕಲೆ ಬೀಳಬಹುದು.

3 ಕಿಲೋವಾಟ್‌ನಿಂದ ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಬರುತ್ತದೆ. ಅದರಲ್ಲಿ ದೂಳು ಶೇ 10ರಷ್ಟನ್ನು ತಿಂದರೆ ತಿಂಗಳಿಗೆ 36 ಯೂನಿಟ್ ಹೋಯಿತು. ನಿಮ್ಮ ಮನೆಯಲ್ಲಿ ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಮೋಡವಿಲ್ಲದ ದಿನ ಮಧ್ಯಾಹ್ನ 12ಕ್ಕೆ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಮನೆಯ ಎಸಿಗೆ ಬದಲಿಸುವ ಪೆಟ್ಟಿಗೆ) ತೋರಿಸುವ ವಾಟ್ ಬರೆದಿಡಿ. ಮರುದಿನ ಬೆಳಿಗ್ಗೆ ತೊಳೆದು, ಆಕಾಶ ಹಾಗೇ ಇದ್ದರೆ ಅದೇ ಹೊತ್ತಿಗೆ ನೋಡಿ. ವ್ಯತ್ಯಾಸ ಶೇ 2–3 ಇದ್ದರೆ ಪದೇ ಪದೇ ನೀರು ಖರ್ಚು ಮಾಡಬೇಕಿಲ್ಲ. ಶೇ 8–10 ದಾಟಿದರೆ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ತೊಳೆಯಿರಿ.

ತೊಳೆಯುವುದು ಸೂರ್ಯ ಹುಟ್ಟುವ ಮೊದಲು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಅಲ್ಲದೆ ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವಷ್ಟು ಹೊತ್ತು ಆರು ಪ್ಯಾನೆಲ್‌ಗಳ ಸಾಲಿನಲ್ಲಿ 250–300 ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಕೇಬಲ್ ಸುಲಿದಿದ್ದರೆ ಮುಟ್ಟಲೇಬೇಡಿ. ಪ್ಯಾನೆಲ್‌ಗೆ ಎರಡೂವರೆ ಲೀಟರ್, ಆರಕ್ಕೆ 15 ಲೀಟರ್‌ನ ಒಂದು ಬಕೆಟ್ ಸಾಕು. ಮೊದಲು ನೆನೆಸಿ, ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಟ್ಟು, ಆಮೇಲೆ ಮೆತ್ತನೆಯ ಮಾಪ್‌ನಿಂದ ಮೇಲಿಂದ ಕೆಳಕ್ಕೆ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳಿನ ಕಣಗಳು ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪವನ್ನು ಗೀರುತ್ತವೆ. ಸೋಪಿನ ಪುಡಿ, ಪಾತ್ರೆ ತಿಕ್ಕುವ ನಾರು, ವಾಹನ ತೊಳೆಯುವ ಪ್ರೆಷರ್ ಪೈಪ್ ಯಾವುದೂ ಬೇಡ. ಬೋರ್‌ವೆಲ್‌ನ ಗಡಸು ನೀರು ಆರಿದರೆ ಬಿಳಿ ಪೊರೆ ಕಟ್ಟುತ್ತದೆ, ಅದು ದೂಳಿಗಿಂತ ಹಟಮಾರಿ. ಸಂಗ್ರಹಿಸಿದ ಮಳೆನೀರು ಒಳ್ಳೆಯದು. ಇಲ್ಲದಿದ್ದರೆ ಆರುವ ಮುನ್ನ ರಬ್ಬರ್ ವೈಪರ್‌ನಿಂದ ಎಳೆದುಬಿಡಿ.

ಸೋಲಾರ್ ಪಂಪ್‌ಸೆಟ್ ಇರುವ ರೈತರಿಗೆ ನಷ್ಟ ಇನ್ನೂ ಹೆಚ್ಚು. ಪಂಪಿನ ವೇಗ ಒಂದು ಮಟ್ಟಕ್ಕಿಂತ ಇಳಿದರೆ ಆಳದ ಬಾವಿಯಿಂದ ನೀರು ಮೇಲೇರುವುದಿಲ್ಲ. ಹೀಗಾಗಿ ಬೆಳಿಗ್ಗೆ ನೀರು ಬರುವುದು ತಡ, ಸಂಜೆ ನಿಲ್ಲುವುದು ಬೇಗ.

ಬೆಸ್ಕಾಂ ಸೇರಿದಂತೆ ಎಲ್ಲ ಎಸ್ಕಾಂಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮೀಟರ್ ಹಾಕುವ ಮುನ್ನ ತಪಾಸಣೆಗೆ ಬರುವವರು ತಾರಸಿಯಲ್ಲಿ ಒಂದು ನಲ್ಲಿ, ಸಾಲುಗಳ ನಡುವೆ ಎರಡಡಿ ದಾರಿ, ಕನಿಷ್ಠ 10 ಡಿಗ್ರಿ ಇಳಿಜಾರು ಇದೆಯೇ ಎಂದೂ ನೋಡಲಿ. ಬಟ್ಟೆ ಒಣಗಿಸಲು ಜಾಗ ಉಳಿಯಲೆಂದು 8–9 ಅಡಿ ಕಂಬಗಳ ಮೇಲೆ ಕೂರಿಸುವಲ್ಲಿ ನಡೆದಾಡುವ ಹಲಗೆ, ಕೈಹಿಡಿ ಕಡ್ಡಾಯವಾಗಲಿ. ಅವಿಲ್ಲದ ಕಡೆ ಜನ ಪ್ಯಾನೆಲ್ ಮೇಲೆಯೇ ಕಾಲಿಟ್ಟು ತೊಳೆಯುತ್ತಾರೆ; ಒಳಗಿನ ಸೆಲ್ ಸೀಳುವುದು ಕಣ್ಣಿಗೆ ಕಾಣುವುದಿಲ್ಲ. ಇದೆಲ್ಲ ಚೌಕಟ್ಟು ನಿಲ್ಲಿಸುವಾಗಲೇ ಆಗಬೇಕು. ಆಮೇಲೆ ಹಾಕಿಸಹೊರಟರೆ ವೆಲ್ಡಿಂಗ್ ಕಿಡಿಗಳು ಹೊಸ ಗಾಜಿನ ಮೇಲೇ ಬೀಳುತ್ತವೆ.

– ಸೋಲಾರ್ ತಂತ್ರಜ್ಞರು, ತುಮಕೂರು