ಮಗಳಿಗೊಂದು ಪತ್ರ: ಆ ಕಾರ್ಡಿನಲ್ಲಿ ನಮ್ಮ ಹೆಸರೂ ಇತ್ತು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ನಾನು ಕುರ್ಚಿಯಿಂದ ಏಳಲಿಲ್ಲ. 'ರಾಜೀನಾಮೆ ಕೊಟ್ಟೆ ಅಪ್ಪ' ಅಂತ ನೀನಂದಾಗ ನನ್ನ ಬಾಯಿಂದ ಬಂದಿದ್ದು, 'ಇನ್ನೊಂಬತ್ತು ತಿಂಗಳು ತಡೆದಿದ್ರೆ ಗ್ರಾಚ್ಯುಟಿ ಸಿಗ್ತಿತ್ತಲ್ಲ' ಅನ್ನೋ ಮಾತು. ಹೇಗಿದ್ದೀಯ ಅಂತ ಕೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ತಪ್ಪಾಯಿತು. ಫೋನಿನಲ್ಲಿ ಹೇಳಲು ಹೋದರೆ ಮತ್ತೆ ನನ್ನ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕವೇನೋ ಸರಿಯಾಗಿತ್ತು. ಐದು ವರ್ಷ ತುಂಬಿದ್ದರೆ ವರ್ಷಕ್ಕೆ 15 ದಿನದ ಸಂಬಳದಂತೆ ಕೈಗೆ ಬರುತ್ತಿತ್ತು. ಆದರೆ ಆ ಒಂಬತ್ತು ತಿಂಗಳು ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಬೇಕಾದವಳು ನೀನು, ನಾನಲ್ಲ.

ರಾತ್ರಿ ನಿಮ್ಮಮ್ಮ ದೀಪ ಆರಿಸಿದ ಮೇಲೆ ಮೆಲ್ಲಗೆ ಹೇಳಿದಳು. 'ಅವಳು ಎರಡು ವರ್ಷದ ಹಿಂದೇನೇ ಬಿಡ್ತಿದ್ಲು ರೀ. ನನಗೆ ಸ್ಟೆಂಟ್ ಹಾಕಿದ್ರಲ್ಲ, ಅದಕ್ಕೇ ನಿಂತ್ಲು.' ನನಗೆ ಇದು ಗೊತ್ತೇ ಇರಲಿಲ್ಲ.

ಆಗಿನಿಂದ ನನ್ನ ತಲೆಯಲ್ಲಿ ಆ ಕಾರ್ಡೇ ಕೂತಿದೆ. ನಿನ್ನ ಕಂಪನಿಯ ವಿಮೆಯ ಕಾರ್ಡು. ನೀನು ಪ್ರಿಂಟ್ ತೆಗೆದು ಕೊಟ್ಟ ಕಾಗದವನ್ನು ನಾನು ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಮೇಲೆ ನಿನ್ನ ಹೆಸರು, ನಿನ್ನ ಎಂಪ್ಲಾಯಿ ನಂಬರು. ಕೆಳಗೆ ಸಣ್ಣ ಅಕ್ಷರದಲ್ಲಿ ಅವಲಂಬಿತರು ಅಂತ ನಾವಿಬ್ಬರು. ಮಡಚಿದ ಗೆರೆ ಸರಿಯಾಗಿ ನನ್ನ ಹೆಸರಿನ ಮೇಲೆ ಬಂದು ಅಲ್ಲಿ ಅಕ್ಷರ ಅಳಿಸಿಹೋಗಿತ್ತು. ಸ್ಟೆಂಟ್ ಹಾಕಿದ ಆ ರಾತ್ರಿ ಆಸ್ಪತ್ರೆಯ ಕೌಂಟರಿನ ಹುಡುಗ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, 'ಮಗಳದ್ದಾ ಸರ್?' ಅಂದ. ಹೌದು ಅಂದೆ. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಒಳಗೆ ನಿಮ್ಮಮ್ಮ ಮಲಗಿದ್ದಾಳೆ ಅನ್ನೋದೂ ಒಂದು ಗಳಿಗೆ ಮರೆತುಹೋಯಿತು. ವಿಮೆಯವರ ಒಪ್ಪಿಗೆ ಬರೋ ತನಕ ನಾನು ಆ ಕೌಂಟರ್ ಬಿಟ್ಟು ಕದಲಲಿಲ್ಲ. ಕೊನೆಗೆ ಆ ಹುಡುಗ 'ಆಯ್ತು ಸರ್, ಹೋಗಿ ಕೂತ್ಕೊಳ್ಳಿ' ಅಂದಾಗ ಕಾಲಲ್ಲಿ ಶಕ್ತಿಯೇ ಇರಲಿಲ್ಲ.

ಆದರೆ ಬೆಳಿಗ್ಗೆ ಕಂಡದ್ದನ್ನು ನಾನು ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ. ಐಸಿಯು ಹೊರಗಿನ ಬೆಂಚಿನಲ್ಲಿ ನೀನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಂದು ಕಿವಿಯಲ್ಲಿ ಇಯರ್‌ಫೋನ್. 'ಸಾರಿ ಸರ್, ಹತ್ತು ನಿಮಿಷ ಸರ್, ಕಳಿಸ್ತೀನಿ ಸರ್.' ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ ನೀನು. ಕಾಫಿ ತಂದುಕೊಟ್ಟೆ, ಅದು ಹಾಗೇ ಆರಿತು. ನಾನೇನು ಮಾಡಿದೆ ಗೊತ್ತಾ? 'ಒಳ್ಳೆ ಕಂಪನಿ, ಆಸ್ಪತ್ರೆಯಿಂದಲೇ ಕೆಲಸ ಮಾಡೋಕೆ ಬಿಟ್ಟಿದಾರೆ' ಅಂತ ನಿನ್ನ ಚಿಕ್ಕಪ್ಪನಿಗೆ ಹೇಳಿದೆ. ನಿನ್ನ ಎದುರಿಗೇ ಹೇಳಿದೆ. ನೀನು ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಟೈಪ್ ಮಾಡತೊಡಗಿದೆ. ಆ ನೋಟ ಈಗ ಅರ್ಥವಾಗುತ್ತಿದೆ. ಅಲ್ಲಿಂದ ಎರಡು ವರ್ಷ ನೀನು ಆ ಕಾಗದಕ್ಕಾಗಿ ದುಡಿದೆ. ಅದರಲ್ಲಿ ನಮ್ಮ ಹೆಸರಿತ್ತು ಅಂತ ದುಡಿದೆ. ನಾನು ಮಾತ್ರ ಹಬ್ಬಕ್ಕೆ ಬಂದಾಗೆಲ್ಲ 'ಪ್ರಮೋಷನ್ ಯಾವಾಗ' ಅಂತ ಕೇಳುತ್ತಿದ್ದೆ.

ಈಗ ಭಯ ಇಲ್ಲ ಅಂದರೆ ಸುಳ್ಳಾಗುತ್ತದೆ. ಅಕ್ಷರ ಬರೆದು ಬದುಕುತ್ತೇನೆ ಅನ್ನುತ್ತೀಯ. ಪುಸ್ತಕದ ಮುಖಪುಟ, ಅಂಗಡಿಯ ಬೋರ್ಡು. ನಿನ್ನ ಕೈ ಚೆನ್ನಾಗಿದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ದುಡ್ಡು ಕೊಡಬೇಕಾದವರ ಮೇಲೆ ನನಗೆ ನಂಬಿಕೆ ಇಲ್ಲ. ಕೆಲಸ ಮುಗಿಯೋವರೆಗೆ ದಿನಕ್ಕೆ ಮೂರು ಫೋನ್ ಮಾಡುತ್ತಾರೆ, ಬಿಲ್ ಕೊಟ್ಟ ಮೇಲೆ ಫೋನ್ ಎತ್ತುವುದಿಲ್ಲ. ಆದ್ದರಿಂದ ಅರ್ಧ ಹಣ ಮುಂಗಡ ತಗೋ. ನಾಚಿಕೆ ಬೇಡ. ಗುರುತಿನವರ ಹತ್ತಿರವಂತೂ ಖಂಡಿತ ತಗೋ. ಸಣ್ಣ ಉದ್ಯಮಗಳಿಗೆ ಸರ್ಕಾರದ್ದೇ ಉದ್ಯಮ್ ನೋಂದಣಿ ಅಂತ ಇದೆ, ಮಾಡಿಸು, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ಬಿಲ್ಲಿನ ಕೆಳಗೆ ಆ ಮಾತು ಒಂದು ಸಾಲು ಬರೆ. ಪಿ.ಎಫ್. ಹಣ ತೆಗೆಯಬೇಡ. ಇಷ್ಟು ದಿನ ನಿನ್ನ 12% ಜೊತೆ ಅವರೂ 12% ಹಾಕುತ್ತಿದ್ದರು. ಇನ್ನು ಅದಕ್ಕೆ ಹಣ ಬೀಳುವುದಿಲ್ಲ, ಉಳಿಸುವವಳು ನೀನೊಬ್ಬಳೇ. ದುಡ್ಡು ಬಂದ ದಿನವೇ ತೆರಿಗೆಗೆ ಅಂತ ಒಂದು ಪಾಲು ಬೇರೆ ಖಾತೆಗೆ ಹಾಕು. ಮನೆ ಸಾಲ ಬೇಕಾದರೆ ಬ್ಯಾಂಕಿನವರು ಇನ್ನು ಸಂಬಳದ ಚೀಟಿ ಕೇಳುವುದಿಲ್ಲ, ರಿಟರ್ನ್ಸ್ ಕೇಳುತ್ತಾರೆ. ಪ್ರತಿ ವರ್ಷ ಸರಿಯಾಗಿ ಸಲ್ಲಿಸು. ರಾತ್ರಿ ಹೊತ್ತು ಮೀರಿ...

ನೋಡು, ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತವನು ನಾನು. ಇದನ್ನು ಹರಿದು ಇನ್ನೊಂದು ಬರೆದರೆ ಅದರಲ್ಲೂ ಇದೇ ಬರುತ್ತದೆ. ಇರಲಿ ಬಿಡು.

ನಾನು ಮೂವತ್ತಮೂರು ವರ್ಷ ಒಂದೇ ಕಡೆ ಕೆಲಸ ಮಾಡಿದವನು. ಇಷ್ಟವಿತ್ತಾ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ಅಷ್ಟು ಸಾಕಿತ್ತು. ನಿನಗೆ ಅಷ್ಟು ಸಾಕಾಗಲಿಲ್ಲ ಅಂದಾಗ ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನನ್ನ ಕೈಲಾಗದ್ದನ್ನು ನೀನು ಮಾಡಿದ್ದೀಯ. ಆದರೂ ನಡುರಾತ್ರಿ ಎಚ್ಚರವಾದಾಗ ಮೊದಲು ಬರುವುದು ಹೆಮ್ಮೆಯಲ್ಲ, ಕೌಂಟರಿನ ಆ ಹುಡುಗ. ಮುಂದಿನ ಸಲ ಬರೀ ಕೈಯಲ್ಲಿ ನಿಂತಿದ್ದರೆ ಏನು ಹೇಳಲಿ? ನಮ್ಮಿಬ್ಬರ ಮಾತು ಬಿಡು, ನಿನಗೇ ಏನಾದರೂ ಆದರೆ?

ಅದಕ್ಕೇ ನಿನ್ನೆ ಒಬ್ಬರ ಹತ್ತಿರ ಹೋಗಿ ವಿಚಾರಿಸಿಕೊಂಡು ಬಂದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ನಿಮ್ಮಮ್ಮನ ಹೃದಯದ ತೊಂದರೆಗೆ ಮೂರು ವರ್ಷದವರೆಗೂ ಕಾಯಿಸಬಹುದಂತೆ. ಆದರೆ ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಹೋಗಲು ದಾರಿ ಇದೆ. ಹಾಗೆ ಹೋದರೆ ಇಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವಂತೆ. ಕೆಲಸ ಬಿಟ್ಟ ಮೇಲೆ ಓಡಾಡಿದರೆ ಆಗುವುದಿಲ್ಲ, ಈಗಲೇ ಕೇಳಬೇಕು. ನೋಟಿಸ್ ಪೀರಿಯಡ್ ಇನ್ನೂ ಇದೆಯಲ್ವಾ? ನಮ್ಮಿಬ್ಬರ ಕಂತು ನಾನು ಕಟ್ಟುತ್ತೇನೆ, ನನ್ನ ಪೆನ್ಷನ್‌ನಲ್ಲಿ ಆಗುತ್ತದೆ. ಇದಕ್ಕೆ ವಾದ ಮಾಡಬೇಡ. ನಿನ್ನದು ನೀನು ಕಟ್ಟಿಕೋ.

ಆ ಹಳೇ ಕಾಗದ ಇನ್ನೂ ಪರ್ಸಿನಲ್ಲೇ ಇದೆ. ಅದು ಯಾವ ತಾರೀಕಿನವರೆಗೆ ನಡೆಯುತ್ತದೆ ಅಂತ ಆಫೀಸಿನಲ್ಲಿ ಕೇಳಿ ಫೋನ್ ಮಾಡು. ಗ್ರಾಚ್ಯುಟಿ ವಿಷಯ ನಾನು ಎತ್ತುವುದಿಲ್ಲ.

ನಿನ್ನ
ಅಪ್ಪ